ಮೆಟ್ಟದ ಚಪ್ಪಲಿ

ಮಧ್ಯಾಹ್ನ ಎರಡು ಗಂಟೆ ಮೂವತ್ತೆಂಟು ನಿಮಿಷಕ್ಕೆ ಸೊಣ್ಣಮ್ಮ ಬೋರಣ್ಣನ ಮನೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಚಪ್ಪಲಿಯನ್ನು ಮೂಸಿ ನೋಡುತ್ತಿದ್ದಳು. ಕಂದು ಬಣ್ಣದ ರಬ್ಬರ್ ಚಪ್ಪಲಿ, ಎಡಗಾಲಿನದು. ಅಂಗಡಿಯಿಂದ ಬಂದ ಮೇಲೆ ಅದು ಒಂದು ಸಲವೂ ನೆಲ ತುಳಿದಿರಲಿಲ್ಲ; ಅಂಗಡಿಯವನು ಅಂಟಿಸಿದ್ದ ಚೀಟಿ ಅಟ್ಟೆಯ ಅಡಿಯಲ್ಲಿ ಹಾಗೇ ಇತ್ತು. ಅದರ ಜೊತೆಯ ಬಲಗಾಲಿನದು ಹಿಮ್ಮಡಿಯ ಕಡೆ ಸವೆದು ಪಕ್ಕದಲ್ಲೇ ಇತ್ತು. ಅದನ್ನು ಆಕೆ ಮುಟ್ಟಲಿಲ್ಲ.

ಎದುರು ಮನೆಯ ಮಹಡಿಯಲ್ಲಿ ನಾನು ಟ್ಯೂಷನ್ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆಗಷ್ಟೇ ಗಡಿಯಾರ ನೋಡಿದ್ದರಿಂದ ಹೊತ್ತು ಸರಿಯಾಗಿ ಗೊತ್ತು.

ಮಾರ್ಚ್ ತಿಂಗಳ ಕೊನೆ. ಕದಿರೇನಹಳ್ಳಿಯ ಮಾರಮ್ಮನ ಗುಡಿ ಬೀದಿ ಆ ಹೊತ್ತಿನಲ್ಲಿ ಮಲಗಿರುತ್ತದೆ. ಕೆಲಸಕ್ಕೆ ಹೋದವರು ಇನ್ನೂ ಬಂದಿರುವುದಿಲ್ಲ, ಮನೆಯಲ್ಲಿದ್ದವರು ಉಂಡು ಚಾಪೆ ಹಾಸಿರುತ್ತಾರೆ. ಹೊಂಗೆ ಹೂವು ಭತ್ತದ ಅರಳಿನ ಹಾಗೆ ಉದುರಿ, ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ, ಚರಂಡಿಯ ಹಾಸುಗಲ್ಲಿನ ಮೇಲೆ, ಮಲಗಿದ ನಾಯಿಯ ಬೆನ್ನಿನ ಮೇಲೆ ಒಂದೇ ಸಮನೆ ಕೂತಿರುತ್ತದೆ. ರಿಂಗ್ ರಸ್ತೆಯ ಸದ್ದು ಮನೆಗಳ ಸಾಲು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಕೆರೆ ಕೋಡಿಯ ನೀರಿನಂತೆ ಕೇಳುತ್ತದೆ. ಸೊಣ್ಣಮ್ಮ ಕೆಲಸಕ್ಕೆ ಹೊರಡುತ್ತಿದ್ದದ್ದು ಆ ಹೊತ್ತಿಗೆ. ಕಳ್ಳರಿಗೆ ರಾತ್ರಿ ಬೇಕು ಎನ್ನುವುದು ತಪ್ಪು ತಿಳಿವಳಿಕೆ ಎಂದು ಆಕೆ ಹೇಳುತ್ತಿದ್ದಳು. ರಾತ್ರಿ ಜನ ಬಾಗಿಲು ಹಾಕಿಕೊಂಡು ಮಲಗುತ್ತಾರೆ, ಮಧ್ಯಾಹ್ನ ನಂಬಿಕೊಂಡು ಮಲಗುತ್ತಾರೆ.

ಆಕೆಗೆ ಆಗ ಅರವತ್ತು ದಾಟಿತ್ತು. ಗಿಡ್ಡ ದೇಹ, ಎಲೆ ಅಡಿಕೆಯ ಬಾಯಿ, ಹೆಗಲಿಗೆ ಸಿಮೆಂಟ್ ಚೀಲ ಕತ್ತರಿಸಿ ಹೊಲಿದ ಕೈಚೀಲ. ಮನೆತನದವರು ಕನಕಾಂಬರ ಬೆಳೆಯುತ್ತಿದ್ದ ನೆಲದ ಮೇಲೆ ಈಗ ನಾಲ್ಕಂತಸ್ತಿನ ಮನೆಗಳು ನಿಂತಿವೆ. ಪಾಲಿನಲ್ಲಿ ಆಕೆಗೆ ಉಳಿದದ್ದು ಗುಡಿಯ ಹಿಂದಿನ ಒಂದು ಕೋಣೆ, ಅದರ ಮೇಲೆ ಶೀಟು, ಮುಂದೆ ಒಂದು ಕರಿಬೇವಿನ ಗಿಡ.

ಆ ಮನೆಯ ಹೆಂಗಸರು ತಲೆಮಾರುಗಳಿಂದ ಪೀಡೆ ತೆಗೆಯುವವರು. ಮಗು ರಚ್ಚೆ ಹಿಡಿದರೆ, ಹಸು ಹಾಲು ಕೊಡದೆ ಒದ್ದರೆ, ಮನುಷ್ಯ ಕಾರಣವಿಲ್ಲದೆ ಒಣಗುತ್ತ ಹೋದರೆ, ಸುತ್ತಲಿನ ಹಳ್ಳಿಯವರು ಸೊಣ್ಣಮ್ಮನ ಅವ್ವನಿಗೆ ಎಲೆ ಅಡಿಕೆ ತಟ್ಟೆ ಕಳಿಸಿ ಕರೆಯುತ್ತಿದ್ದರು. ಆಕೆ ಬಂದು ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, ಊರ ಮಾತಾಡಿ ಎದ್ದು ಹೋಗುತ್ತಿದ್ದಳು. ಆಮೇಲೆ ಯಾವುದೋ ಒಂದು ದಿನ ಆ ಮನೆಯ ಬಾಗಿಲಿಂದ ಚಪ್ಪಲಿ ಕಾಣೆಯಾಗುತ್ತಿತ್ತು. ಯಾವ ದಿನ, ಯಾರದು ಎಂದು ಮನೆಯವರಿಗೆ ಮುಂಚೆ ಗೊತ್ತಿರುತ್ತಿರಲಿಲ್ಲ. ಗುಡಿಯ ಮುಂದೆ ಚಪ್ಪಲಿ ಕಳೆದುಕೊಂಡವರು ಈಗಲೂ ‘ಹೋಗ್ಲಿ ಬಿಡು, ಪೀಡೆ ಹೋಯ್ತು’ ಎಂದುಕೊಂಡು ಬರಿಗಾಲಲ್ಲಿ ಸಮಾಧಾನವಾಗಿ ಮನೆಗೆ ಬರುತ್ತಾರಲ್ಲ, ಆ ಮಾತು ಹುಟ್ಟಿದ್ದೇ ತಮ್ಮ ಮನೆಯಲ್ಲಿ ಎಂದು ಸೊಣ್ಣಮ್ಮನ ನಂಬಿಕೆ.

ಆಮೇಲೆ ಕಾನೂನು ಬಂತು. ಮಾಟಕ್ಕೂ ಮದ್ದಿಗೂ, ಕೆಡುಕಿಗೂ ಒಳಿತಿಗೂ ಅದು ಭೇದ ಮಾಡಲಿಲ್ಲ. ಮಂತ್ರವಿದ್ಯೆಯಿಂದ ಯಾರಿಗಾದರೂ ಏನಾದರೂ ಆಯಿತು ಎಂದು ಸಾಬೀತಾದರೆ ಏಳು ವರ್ಷ ಜೈಲು, ವಾಸದ ಮನೆಗೆ ಸರ್ಕಾರದ ಬೀಗ. ಇದನ್ನು ನೋಡಿಕೊಳ್ಳಲೆಂದೇ ನಿಷೇಧ ದಳ ಎಂಬ ಒಂದು ದಳವನ್ನೂ ಮಾಡಿದರು. ಎಲೆ ಅಡಿಕೆ ತಟ್ಟೆ ಬರುವುದು ನಿಂತಿತು. ಆದರೆ ಚಪ್ಪಲಿ ಕಳ್ಳತನಕ್ಕೆ ಯಾವ ಸ್ಟೇಷನ್ನಿನಲ್ಲೂ ದೂರು ಬರೆದುಕೊಳ್ಳುವುದಿಲ್ಲ. ಸೊಣ್ಣಮ್ಮ ಹಾಗೆ ಕಳ್ಳಿಯಾದಳು.

ಆಕೆಯ ಕೆಲಸದ ಕ್ರಮ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಆಕೆಯ ಬಾಯಿಂದಲೇ. ಮೊದಲು ಚಪ್ಪಲಿಯನ್ನು ಮೂಸಬೇಕು. ಜ್ವರ ಹಿಡಿದ ಮನೆಯ ಚಪ್ಪಲಿ ಸೀದ ಹಾಲಿನ ವಾಸನೆ ಬರುತ್ತದೆ. ಭಯ ನೆಂದ ಗೋಣಿಯ ವಾಸನೆ. ನಿದ್ದೆ ಬಾರದವರ ಚಪ್ಪಲಿ ಇಸ್ತ್ರಿಪೆಟ್ಟಿಗೆಯ ಇದ್ದಿಲಿನಂತೆ ಒಣಗಿರುತ್ತದೆ. ಎತ್ತಿಕೊಂಡವಳು ಯಾರೊಂದಿಗೂ ಮಾತಾಡದೆ ಮೂರು ದಾರಿ ಕೂಡುವಲ್ಲಿಗೆ ಹೋಗಿ, ಚಪ್ಪಲಿಯನ್ನು ಮಗುಚಿ ಕೊಡವಬೇಕು. ಪೀಡೆ ಬಿದ್ದು ಹೋಗುತ್ತದೆ. ಆಕೆ ಎಂದಿಗಿಂತ ಬೇಗ ಹೊರಟಿದ್ದ ಒಂದು ಮಧ್ಯಾಹ್ನ ನಾನು ಅದನ್ನು ನೋಡಿದೆ ಎಂದುಕೊಂಡಿದ್ದೇನೆ. ಸೂರ್ಯ ನೆತ್ತಿಯ ಮೇಲಿದ್ದ, ಎಲ್ಲದರ ನೆರಳೂ ಅದರದರ ಬುಡದಲ್ಲೇ ಇತ್ತು. ಒಂದು ನೆರಳು ಮಾತ್ರ ಬೆಕ್ಕಿನ ಗಾತ್ರದ್ದು, ಯಾವ ವಸ್ತುವಿಗೂ ಸೇರದ್ದು, ರಸ್ತೆ ದಾಟಿ ಒಂದು ಬೇಕರಿಯ ಮೆಟ್ಟಿಲ ಹತ್ತಿರ ಮಾಯವಾಯಿತು. ಬೆಳಕಿನ ಪಾಠ ಎಷ್ಟೋ ವರ್ಷ ಮಾಡಿದ್ದೇನೆ. ಅದಕ್ಕೆ ಇಂದಿಗೂ ನನ್ನಲ್ಲಿ ಚಿತ್ರ ಬರೆದು ತೋರಿಸುವಂಥ ಉತ್ತರವಿಲ್ಲ.

ಪೀಡೆ ಕೊಡವಿದ ಚಪ್ಪಲಿ ಬರೀ ಚಪ್ಪಲಿ. ಅದನ್ನು ಸೋಪಿನಲ್ಲಿ ಉಜ್ಜಿ, ಉಂಗುಷ್ಟ ಕಿತ್ತಿದ್ದರೆ ಹೊಲಿದು, ಭಾನುವಾರ ಫ್ಲೈಓವರ್ ಕೆಳಗೆ ಗೋಣಿತಟ್ಟಿನ ಮೇಲೆ ಇಟ್ಟು ಮಾರುತ್ತಿದ್ದಳು. ಆಕೆ ಉಣ್ಣುತ್ತಿದ್ದದ್ದು ಅದರಿಂದ.

ಎರಡು ವಿಷಯ ಇಲ್ಲಿ ಹೇಳಬೇಕು. ಒಂದು, ಚಪ್ಪಲಿಯನ್ನು ಕದಿಯಲೇಬೇಕು. ಕೊಟ್ಟದ್ದನ್ನು ಒಯ್ದರೆ ಕೊಟ್ಟವರ ಮನಸ್ಸು ಅದರ ಹಿಂದೆಯೇ ಬರುತ್ತದೆ, ಪೀಡೆ ಅದೇ ಮನಸ್ಸು ಹಿಡಿದುಕೊಂಡು ವಾಪಸು ಹೋಗುತ್ತದೆ. ಇನ್ನೊಂದು, ಪೀಡೆ ತೆಗೆಯಲು ಒಂಟಿ ಚಪ್ಪಲಿ ಸಾಕು. ಹಿಂದಿನವರು ಒಂದನ್ನೇ ಒಯ್ಯುತ್ತಿದ್ದರು. ಸೊಣ್ಣಮ್ಮ ಎರಡನ್ನೂ ಒಯ್ಯುತ್ತಿದ್ದಳು. ಒಂಟಿಯನ್ನು ಯಾರೂ ಕೊಳ್ಳುವುದಿಲ್ಲ, ಒಂಟಿ ಕದಿಯುವವರನ್ನು ಯಾರೂ ಕಳ್ಳರೆನ್ನುವುದಿಲ್ಲ.

ಬೀದಿಗೆ ಸ್ವಲ್ಪ ಸ್ವಲ್ಪವೇ ಗೊತ್ತಾಯಿತು. ಅದಕ್ಕೆ ಕಾರಣ ಗುಣವಾದವರ ಸಂತೋಷ. ಮೂಲೆಮನೆಯ ಜಯಶೀಲಾಗೆ ವರ್ಷಗಟ್ಟಲೆ ಅರೆತಲೆನೋವು. ಒಂದು ಮಧ್ಯಾಹ್ನ ಹೊಸ ಚಪ್ಪಲಿ ಹೋಯಿತು, ಅದರ ಜೊತೆಗೆ ತಲೆನೋವೂ ಹೋಯಿತು. ಆಕೆಯ ಮನೆಯವರು ಅರಸೀಕೆರೆಯ ಕಡೆಯಿಂದ ಬಂದು ಪದ್ಮನಾಭನಗರದಲ್ಲಿ ಪಾತ್ರೆ ಅಂಗಡಿ ಇಟ್ಟವರು. ಮಾತಿಗೆ ಕೊರತೆಯಿಲ್ಲದ ಹೆಂಗಸು. ತರಕಾರಿ ಗಾಡಿಯ ಮುಂದೆ ನಿಂತು ಸಿಕ್ಕವರಿಗೆಲ್ಲ ಹೇಳಿದಳು. ವಾರದೊಳಗೆ ಬೀದಿಯ ಬಾಗಿಲುಗಳಲ್ಲಿ ಹೊಸ ಚಪ್ಪಲಿಗಳು ಕಾಣಿಸಿಕೊಂಡವು. ಒಬ್ಬರಂತೂ ಅರಿಶಿನ ಕುಂಕುಮ ಹಚ್ಚಿ ಗೇಟಿನ ಹೊರಗೇ ಇಟ್ಟಿದ್ದರು.

“ನನ್ನನ್ನ ಇವ್ರು ಒದ್ದು ಓಡ್ಸಿದ್ರೂ ಬದುಕ್ಕೋತಿದ್ದೆ ಮೇಷ್ಟ್ರೇ,” ಎಂದಳು ಸೊಣ್ಣಮ್ಮ. “ಕೈ ಮುಗಿದು ಸಾಯಿಸ್ತಾವ್ರೆ.”

ಆ ಕೈ ಮುಗಿಯುವ ಸುದ್ದಿ ನಿಷೇಧ ದಳಕ್ಕೂ ಮುಟ್ಟಿತು. ಚಿದಾನಂದ್ ಎಂಬ ಅಧಿಕಾರಿ ಬಂದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಎಲ್ಲರಿಗೂ ‘ಅಮ್ಮ’, ‘ಅಣ್ಣ’ ಎನ್ನುವವನು. ಬೀದಿಯ ತುದಿಯ ಟೀ ಅಂಗಡಿಯ ಬೆಂಚಿನ ಮೇಲೆ ದಿನವೂ ಬಂದು ಕೂರುತ್ತಿದ್ದ. ತಾನು ಯಾರು ಎಂಬುದನ್ನು ಮುಚ್ಚಿಡಲಿಲ್ಲ. ಏನು ಹುಡುಕುತ್ತಿದ್ದಾನೆ ಎಂದು ಬೋರಣ್ಣ ಕೇಳಿದಾಗ ಅದನ್ನೂ ಹೇಳಿದ: “ಚಪ್ಪಲಿ ಕಳ್ಳತನ ನಮ್ ಕೆಲ್ಸ ಅಲ್ಲಣ್ಣ. ಕಳ್ಳ ಆದವನು ಜೊತೆ ಎತ್ಕೊಂಡ್ ಹೋಗ್ತಾನೆ. ಒಂಟಿ ಚಪ್ಪಲಿ ಹೋದ ಮನೆ ಒಂದೇ ಒಂದು ಸಿಗಲಿ, ನಾನು ಕೇಸ್ ಹಾಕ್ತೀನಿ. ಒಂಟಿ ಯಾರಿಗ್ ಬೇಕು ಹೇಳಿ?”

“ನಂಗ್ ಬೇಕು,” ಎಂದ ಬೋರಣ್ಣ. ಟೀ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಚಿದಾನಂದ್ ಮಾತ್ರ ಕೆಳಗೆ ನೋಡಿ ಮುಖ ಕೆಂಪಗೆ ಮಾಡಿಕೊಂಡ. ಬೋರಣ್ಣನಿಗೆ ಎಡಗಾಲು ಇರಲಿಲ್ಲ.

ಸಕ್ಕರೆ ಕಾಯಿಲೆಯ ಹುಣ್ಣು ಮಾಗದೆ ಹಿಂದಿನ ದೀಪಾವಳಿಯ ಹೊತ್ತಿಗೆ ಮೊಣಕಾಲ ಕೆಳಗೆ ತೆಗೆದಿದ್ದರು. ಹೊಸ ಚಪ್ಪಲಿ ತಂದಾಗ ಅಂಗಡಿಯವನು ಎರಡನ್ನೂ ಕೊಟ್ಟ. ಒಂಟಿ ಚಪ್ಪಲಿ ಬಾಗಿಲಲ್ಲಿ ಇರಬಾರದು, ಮನೆಗೆ ಒಳ್ಳೆಯದಲ್ಲ ಎಂದು ಬೋರಣ್ಣನ ಹೆಂಡತಿ ಸತ್ಯಭಾಮಾ ಮೆಟ್ಟುವ ಬಲಗಾಲಿನದರ ಪಕ್ಕದಲ್ಲಿ ಮೆಟ್ಟದ ಎಡಗಾಲಿನದನ್ನೂ ದಿನ ಬೆಳಗ್ಗೆ ಒರೆಸಿ ಜೋಡಿಸಿಡುತ್ತಿದ್ದಳು.

ಕಾಲು ಹೋದ ಮೇಲೂ ಕಾಲಿನ ನೋವು ಹೋಗಲಿಲ್ಲ. ಇಲ್ಲದ ಪಾದ ಉರಿಯುತ್ತಿತ್ತು, ಇಲ್ಲದ ಬೆರಳುಗಳು ಒಂದರ ಮೇಲೊಂದು ಹತ್ತಿ ಸೆಟೆಯುತ್ತಿದ್ದವು. ನಾನು ವಿಜ್ಞಾನ ಓದಿದವನೆಂದು ಒಂದು ಸಂಜೆ ಕರೆದು ಕಾರಣ ಕೇಳಿದ. ನರ ಎಲ್ಲಿ ಕತ್ತರಿಸಿದೆ, ಮಿದುಳಿನಲ್ಲಿ ಪಾದದ ಜಾಗ ಹೇಗೆ ಹಾಗೇ ಉಳಿದಿರುತ್ತದೆ ಎಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದೆ. ಬೋರಣ್ಣ ಗಮನವಿಟ್ಟು ನೋಡಿದ. “ಕಾಲಿಲ್ಲ ಅಂತ ನಂಗೊತ್ತು ಮೇಷ್ಟ್ರೇ. ನೋವಿಗೆ ಯಾರ್ ಹೇಳೋರು?” ಎಂದ.

ಎಲ್ಲ ಹೊತ್ತೂ ಅದು ಉರಿಯಲ್ಲ ಎಂದೂ ಹೇಳಿದ. ಬೆಳಗಿನ ಜಾವ ಕೆಲವು ಸಲ ಪಾದ ತಣ್ಣಗಾಗುತ್ತದೆ, ಬೆರಳ ಸಂದಿಗಳಲ್ಲಿ ಕೆಸರು ಏರುತ್ತದೆ. ಕೆರೆ ಏರಿಯ ಕೆಳಗಿದ್ದ ತಮ್ಮ ಗದ್ದೆಯ ಕೆಸರು. ಕೆರೆ ಹೋಗಿ, ಗದ್ದೆ ಹೋಗಿ, ಆ ಜಾಗದಲ್ಲಿ ಈಗ ಕಾರು ಮಾರುವ ಗಾಜಿನ ಮಳಿಗೆ ಇದೆ. ಆದರೆ ಆ ಪಾದ ಇನ್ನೂ ಬದುವಿನ ಹತ್ತಿರ, ನೀರು ತಿರುಗಿಸುವ ಜಾಗದಲ್ಲಿ ನಿಂತಿದೆ. ಎರಡು ಏಟು ತಿಂದ ಎತ್ತು ಒದ್ದ ಹಾಗೆ ಆಮೇಲೆ ನೋವು ಶುರುವಾಗುತ್ತದೆ. ಗದ್ದೆಗೋಸ್ಕರ ಅಷ್ಟು ಹೊತ್ತು ತಡೆದುಕೊಳ್ಳುತ್ತೇನೆ, ಆಮೇಲೆ ಆಗುವುದಿಲ್ಲ ಎಂದ.

ಆಗುವುದೇ ಇಲ್ಲವಾದಾಗ ಅವನೇ ಆಸ್ಪತ್ರೆಗೆ ಹೋಗಿ, ಇನ್ನೂ ಮೇಲಕ್ಕೆ ಕತ್ತರಿಸಿಬಿಡಿ ಎಂದು ಕೇಳಿಕೊಂಡು ಬಂದ. ಅದರಿಂದ ನೋವು ಹೋಗುವುದು ಖಂಡಿತವಲ್ಲ ಎಂದು ಡಾಕ್ಟರ್ ಹೇಳಿದರಂತೆ. ಆದರೂ ಶುಕ್ರವಾರಕ್ಕೆ ದಿನ ಕೊಟ್ಟರು. ಸತ್ಯಭಾಮಾ ಈ ಸುದ್ದಿಯನ್ನು ಸೊಣ್ಣಮ್ಮನಿಗೆ ಹೇಳಿದ್ದು ಬುಧವಾರ, ನಲ್ಲಿಯ ಹತ್ತಿರ. ಹೇಳಿ ಅಳಲಿಲ್ಲ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಳ್ಳಲು ಮರೆತು ಬರಿಗೈಯಲ್ಲಿ ಮನೆಗೆ ಹೋದಳು.

ಸೊಣ್ಣಮ್ಮ ಆ ಬಿಂದಿಗೆಯನ್ನು ಅವರ ಮನೆಗೆ ಮುಟ್ಟಿಸಿ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು. ಅಂದು ಅಷ್ಟು ಹೊತ್ತು ಆಕೆ ಎಲೆ ಅಡಿಕೆ ಬಾಯಿಗೆ ಹಾಕಲಿಲ್ಲ. ಅವಳ ಲೆಕ್ಕಾಚಾರ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ನೋವಿರುವುದು ಇಲ್ಲದ ಕಾಲಿನಲ್ಲಿ. ಹಾಗಾಗಿ ಅದು ಸೇರಿಕೊಂಡಿರುವುದು ಮೆಟ್ಟದ ಚಪ್ಪಲಿಯಲ್ಲಿ. ಮೆಟ್ಟಿದ ಚಪ್ಪಲಿಯಲ್ಲಾದರೆ ಪೀಡೆಯ ಜೊತೆ ಕಾಲಿನ ಬಲವೂ ಸ್ವಲ್ಪ ಇರುತ್ತದೆ. ಒಯ್ದಾಗ ಆ ಬಲವೂ ಹೋಗುತ್ತದೆ. ಎರಡು ಕಾಲಿನವರಿಗೆ ಅದು ಗೊತ್ತಾಗುವುದಿಲ್ಲ, ಎರಡು ದಿನ ಸುಸ್ತು ಎನ್ನುತ್ತಾರೆ, ಅಷ್ಟೆ. ಒಂದು ಕಾಲಿನವನ ಆ ಒಂದು ಕಾಲಿನ ಬಲ ಕಡಿಮೆಯಾದರೆ ಅವನು ಮತ್ತೆ ಏಳುವುದಿಲ್ಲ.

“ಎಡಗಾಲಿಂದು ಮಾತ್ರ ತರ್ಬೇಕು,” ಎಂದಳು.

ಟೀ ಅಂಗಡಿಯಲ್ಲಿ ಚಿದಾನಂದ್ ಕೂತಿದ್ದಾನೆ ಎಂದು ನಾನು ನೆನಪಿಸಿದೆ. ಸ್ವಲ್ಪ ದಿನ ತಡೆಯಬಹುದಲ್ಲ ಎಂದೆ. ಶುಕ್ರವಾರ ತಡೆಯುವುದಿಲ್ಲವಲ್ಲ ಎಂದಳು. ಬೋರಣ್ಣನಿಗೇ ಹೇಳಿ, ಉಳಿದ ಒಂದನ್ನು ಒಳಗಿಡಿಸಬಹುದಲ್ಲ ಎಂದೆ. ಹೇಳಿದರೆ ಅದು ಕೊಟ್ಟ ಚಪ್ಪಲಿಯಾಗುತ್ತದೆ ಎಂದಳು. ಎಲ್ಲ ದಾರಿಯೂ ಹೀಗೆ ಸುತ್ತಿ ಅದೇ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಆ ಬಾಗಿಲಲ್ಲಿ ಒಂಟಿ ಚಪ್ಪಲಿ ಉಳಿದರೆ ಆಕೆಗೆ ಏಳು ವರ್ಷ. ಗುಡಿಯ ಹಿಂದಿನ ಆ ಕೋಣೆಗೆ ಬೀಗ.

ಅವಳು ಎದ್ದು ಸೀರೆ ಕೊಡವಿಕೊಂಡು, “ಬೋರಣ್ಣ ನಮ್ಮವ್ವಂಗೆ ಮಜ್ಜಿಗೆ ತಂದ್ಕೊಡೋನು, ಚಿಕ್ಕೋನಿದ್ದಾಗ,” ಎಂದಳು.

ಗುರುವಾರ ಎರಡು ಮೂವತ್ತೆಂಟಕ್ಕೆ ಆಕೆ ಆ ಬಾಗಿಲಲ್ಲಿ ಕೂತಿದ್ದದ್ದು ಹಾಗೆ. ಸತ್ಯಭಾಮಾ ಮಹಿಳಾ ಸಂಘದ ಸಭೆಗೆ ಹೋಗಿದ್ದಳು. ಒಳಗೆ ಫ್ಯಾನಿನ ಕೆಳಗೆ ಬೋರಣ್ಣ ಮಲಗಿದ್ದ. ಚಪ್ಪಲಿ ಮೂಸಿದ ಸೊಣ್ಣಮ್ಮ ಒಂದು ಕ್ಷಣ ಕಣ್ಣು ಮುಚ್ಚಿದಳು. ಏನು ವಾಸನೆ ಬಂತು ಎಂದು ಆಮೇಲೆ ಕೇಳಿದ್ದಕ್ಕೆ, ಭತ್ತದ ಸಸಿ ಕಿತ್ತಾಗ ಬರುವ ವಾಸನೆ ಎಂದಳು. ಎಡಗಾಲಿನದನ್ನು ಚೀಲಕ್ಕೆ ಹಾಕಿಕೊಂಡಳು. ಬಲಗಾಲಿನದನ್ನು ಒಂದು ಸಲ ನೋಡಿದಳು, ಕೈ ಚಾಚಿ ಹಿಂದಕ್ಕೆ ಎಳೆದುಕೊಂಡಳು. ಎದ್ದು ಹೋದಳು. ಟೀ ಅಂಗಡಿಯ ಮುಂದೆಯೇ ಹಾದು ಹೋಗಬೇಕು, ಬೇರೆ ದಾರಿಯಿಲ್ಲ. ಚಿದಾನಂದ್ ಟೀ ಲೋಟ ಕೆಳಗಿಟ್ಟು ಅವಳ ಚೀಲವನ್ನು ನೋಡಿದ.

ಮೂರು ದಾರಿ ಕೂಡುವಲ್ಲಿ ನಾನು ಇರಲಿಲ್ಲ. ಅವಳು ಹೇಳಿದ್ದನ್ನು ಬರೆಯುತ್ತಿದ್ದೇನೆ. ಚಪ್ಪಲಿ ಕೊಡವಿದಾಗ ಎಂದಿನಂತೆ ನೆರಳು ಬೀಳಲಿಲ್ಲ, ಒಂದು ಹನಿ ನೀರು ಬಿತ್ತು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು, ಐದು ಬೆರಳೂ ಬಿಡಿಬಿಡಿಯಾಗಿ, ಸುತ್ತ ಕೆಸರು. ಅದರ ಮುಂದೆ ಇನ್ನೊಂದು. ಎಲ್ಲವೂ ಎಡಗಾಲಿನವೇ. ಸಿಗ್ನಲ್ ಬಿಟ್ಟಿತ್ತು, ಬಸ್ಸು ಆಟೊ ಬೈಕುಗಳೆಲ್ಲ ಹರಿಯುತ್ತಿದ್ದವು. ಹೆಜ್ಜೆಗಳು ಅವುಗಳ ನಡುವೆ ಯಾವ ಅವಸರವೂ ಇಲ್ಲದೆ, ಬದುವಿನ ಮೇಲೆ ನಡೆದ ಹಾಗೆ ಒಂದೇ ಗೆರೆಯಲ್ಲಿ ರಸ್ತೆ ದಾಟಿದವು. ಮುಂದಿನದು ಮೂಡುವಷ್ಟರಲ್ಲಿ ಹಿಂದಿನದು ಆರುತ್ತಿತ್ತು. ಆಚೆ ಬದಿಯ ಗಾಜಿನ ಮಳಿಗೆಯ ಹತ್ತಿರ ಹೋಗಿ, ಗಾಜಿಗೂ ನಿಲ್ಲದೆ, ಒಳಗೆ ಮಿಂಚುತ್ತಿದ್ದ ಕಾರುಗಳ ನಡುವೆ ಇಳಿದು ಹೋದವು. ಸೊಣ್ಣಮ್ಮ ಖಾಲಿ ಚಪ್ಪಲಿಯನ್ನು ಪಕ್ಕದ ರಾಜಕಾಲುವೆಗೆ ಎಸೆದಳು. ಬರೀ ಎಡಗಾಲಿನ ಚಪ್ಪಲಿಯನ್ನು ಯಾರಿಗೆ ಮಾರುವುದು?

ಬೋರಣ್ಣನ ಬಾಗಿಲಲ್ಲಿ ಆಗ ಏನಾಯಿತು ಎಂಬುದನ್ನು ನಾನೇ ನೋಡಿದೆ. ಅವನು ಗೋಡೆ ಹಿಡಿದುಕೊಂಡು ಹೊರಗೆ ಬಂದ. ಮುಖ ಮಗುವಿನದರಂತೆ ಊದಿಕೊಂಡಿತ್ತು; ಗಾಢ ನಿದ್ದೆಯಿಂದ ಎದ್ದ ಮುಖ. ಖಾಲಿ ಪಂಚೆಯ ಕೆಳಗೆ, ಕಾಲು ಇರಬೇಕಾಗಿದ್ದ ಜಾಗದಲ್ಲಿ ಕೈಯಾಡಿಸಿದ. ಇನ್ನೂ ಕೆಳಕ್ಕೆ ನೆಲದವರೆಗೆ ಆಡಿಸಿದ. ಎಷ್ಟೋ ಹೊತ್ತು ಹಾಗೇ ಹುಡುಕಿದ. ಆಮೇಲೆ ಒಂದು ದಿನ ಆ ಕ್ಷಣದ ಬಗ್ಗೆ ಅವನು ನನಗೆ ಹೇಳಿದ್ದು ಇಷ್ಟೇ: “ನೋವು ಹೋಗಿತ್ತು ಮೇಷ್ಟ್ರೇ. ಗದ್ದೇನೂ ಹೋಗಿತ್ತು.”

ಆಗ ಅವನ ಕಣ್ಣು ಹೊಸ್ತಿಲ ಪಕ್ಕಕ್ಕೆ ಬಿತ್ತು. ಬಲಗಾಲಿನ ಚಪ್ಪಲಿ ಒಂದೇ ಇತ್ತು. ಬೋರಣ್ಣ ಹಳೇ ಊರಿನವನು. ಸೊಣ್ಣಮ್ಮನ ಅವ್ವ ಏನು ಮಾಡುತ್ತಿದ್ದಳು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಟೀ ಅಂಗಡಿಯಲ್ಲಿ ಚಿದಾನಂದ್ ಹೇಳಿದ ಮಾತನ್ನೂ ಅವನೇ ಕೇಳಿದ್ದ. ಬೀದಿಯ ತುದಿಗೆ ಕತ್ತು ಚಾಚಿ ನೋಡಿದ. ಅಲ್ಲಿ ಸೊಣ್ಣಮ್ಮ ವಾಪಸು ಬರುತ್ತಿದ್ದಳು, ಚೀಲ ಖಾಲಿ. ಚಿದಾನಂದ್ ಎದ್ದು ಅವಳನ್ನು ತಡೆದು ಬೆಂಚಿನ ಮೇಲೆ ಕೂರಿಸುತ್ತಿದ್ದ.

ಬೋರಣ್ಣ ಬಾಗಿಲಿಗೆ ಒರಗಿಸಿದ್ದ ಊರುಗೋಲು ತೆಗೆದು ಅದರ ತುದಿಯಿಂದ ಚಪ್ಪಲಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೆಟ್ಟಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಅದನ್ನು ಬಗಲಿಗೆ ಸಿಕ್ಕಿಸಿ, ಕಾದ ಸಿಮೆಂಟಿನ ಮೇಲೆ ಬರಿಗಾಲು ಊರಿ, ಕುಪ್ಪಳಿಸುತ್ತ ಗೇಟಿನವರೆಗೆ ಹೋದ. ಚರಂಡಿಯ ಹಾಸುಗಲ್ಲುಗಳ ಸಂದಿಯಲ್ಲಿ ಅದನ್ನು ತುರುಕಿ, ಊರುಗೋಲಿನಿಂದ ಕೆಳಕ್ಕೆ ದೂಡಿದ. ಮತ್ತೆ ಕುಪ್ಪಳಿಸುತ್ತ ಬಂದು ಜಗಲಿಯ ಮೇಲೆ ಕೂತು, ಸುಟ್ಟ ಅಂಗಾಲನ್ನು ಕೈಯಲ್ಲಿ ಹಿಡಿದುಕೊಂಡು ಉಸಿರು ಬಿಟ್ಟ. ಆಮೇಲೆ ಬೀದಿಯೆಲ್ಲ ಏಳುವಂತೆ ಕೂಗಿದ: “ಸಾರ್, ಬನ್ನಿ ಇಲ್ಲಿ. ನನ್ ಚಪ್ಪಲಿ ಹೋಯ್ತು.”

ಚಿದಾನಂದ್ ಬೇಗ ಬೇಗ ಬಂದ. ಜಯಶೀಲಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು. ನಾನೂ ಇಳಿದು ಹೋದೆ.

“ಯಾವ್ದು ಹೋಗಿದ್ದಣ್ಣ? ಒಂದಾ?”

“ಒಂದ್ಯಾಕೆ? ಜೊತೆ.”

“ನಿಮಗಿರೋದು ಒಂದು ಕಾಲು...” ಚಿದಾನಂದ್ ಮಾತು ಅರ್ಧಕ್ಕೆ ನಿಲ್ಲಿಸಿದ.

“ಅಂಗಡೀಲಿ ಒಂದ್ ಸಾಕು ಅಂದ್ರೆ ಕೊಡ್ತಾನಾ ಸಾರ್? ಬಸ್ಸಲ್ಲಿ ಅರ್ಧ ಟಿಕೆಟ್ ಕೇಳಿ ನೋಡ್ದೆ, ಅದೂ ಕೊಡ್ಲಿಲ್ಲ.”

ಜಯಶೀಲಾ ನಕ್ಕು, ಚಪ್ಪಲಿ ಹೋದರೆ ಒಳ್ಳೆಯದೇ, ತನಗಂತೂ, ಎಂದು ಶುರು ಮಾಡಿದಳು. ಬೋರಣ್ಣ ಅವಳ ಕಡೆ ತಿರುಗಿದ. “ಒಳ್ಳೇದಾದ್ರೆ ನಿಮ್ದು ಬಿಚ್ಚಿ ಕೊಡಿ ತಾಯಿ. ನನ್ ಪಾದ ನೋಡಿ, ದೋಸೆ ಹಂಚಿನ ಮೇಲೆ ಇಟ್ಟಂಗಾಗದೆ.” ಜಯಶೀಲಾ ಬಾಯಿ ತೆರೆದವಳು ಅವನ ಮುಖ ನೋಡಿದಳು, ಆಮೇಲೆ ದೂರದ ಬೆಂಚಿನ ಮೇಲೆ ಒಬ್ಬಳೇ ಕೂತ ಸೊಣ್ಣಮ್ಮನನ್ನು ನೋಡಿದಳು. ಆ ಹೆಂಗಸು ಮಾತು ನುಂಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನುಂಗಿದ ಮೇಲೆ, ತನ್ನ ಚಪ್ಪಲಿಯೂ ಜೊತೆಯೇ ಹೋಯಿತು, ಹೊಸದು, ಇಂಥ ಕಳ್ಳರನ್ನು ಸುಮ್ಮನೆ ಬಿಡಬಾರದು ಎಂದು ಬೈಯತೊಡಗಿದಳು. ಬೈಗುಳ ಅಭ್ಯಾಸವಿಲ್ಲದ್ದರಿಂದ ಮಧ್ಯೆ ಮಧ್ಯೆ ತಡವರಿಸಿದಳು.

ಚಿದಾನಂದ್ ಬೋರಣ್ಣನ ಹತ್ತಿರ ಕೂತ. “ನೋವು ಹೇಗಿದೆ ಅಣ್ಣ, ಈಗ?” ಎಂದು ಮೆತ್ತಗೆ ಕೇಳಿದ. ಅದು ಬರೀ ಉಪಚಾರದ ಮಾತಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಇಲ್ದಿರೋ ಕಾಲು ಸಾರ್,” ಎಂದ ಬೋರಣ್ಣ. “ನೋಯ್ತದೆ ಅಂದ್ರೂ, ನೋಯಲ್ಲ ಅಂದ್ರೂ ನೀವು ಎಲ್ಲಿ ಮುಟ್ಟಿ ನೋಡ್ತೀರಾ?”

ಚಿದಾನಂದ್ ಎದ್ದು ನಿಂತ. ಅವನು ದಡ್ಡನಲ್ಲ. ಕ್ರಮ ಗೊತ್ತಿದ್ದವನು. ‘ಜೊತೆ’ ಎಂದ ಬೋರಣ್ಣನ ಮಾತು ಬೆಂಚಿನ ಮೇಲಿದ್ದ ಸೊಣ್ಣಮ್ಮನ ಕಿವಿಗೆ ಬಿದ್ದಿಲ್ಲ, ಕೂಗದಿದ್ದರೆ ಇಲ್ಲಿಂದ ಅಲ್ಲಿಗೆ ಮಾತು ಕೇಳಿಸುವುದಿಲ್ಲ ಎಂಬುದನ್ನು ಗಮನಿಸಿದ್ದ. ಇನ್ನು ತಾನು ಹೇಳುವವರೆಗೆ ಇಲ್ಲಿ ಯಾರೂ ತುಟಿ ಬಿಚ್ಚಬಾರದು, ಸನ್ನೆ ಮಾಡಬಾರದು ಎಂದು ಹೇಳಿ ಹೋಗಿ ಸೊಣ್ಣಮ್ಮನನ್ನು ಕರೆತಂದು ಗೇಟಿನ ಹತ್ತಿರ ನಿಲ್ಲಿಸಿದ. ಬೀದಿ ಅಷ್ಟರಲ್ಲಿ ಎದ್ದಿತ್ತು. ಬಾಗಿಲುಗಳಲ್ಲಿ, ಮಹಡಿಗಳಲ್ಲಿ ಜನ. ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದರೂ ಸೊಣ್ಣಮ್ಮ ಎಂದೂ ತನ್ನ ಬಾಯಿಂದ ತಾನು ಕಳ್ಳಿ ಎಂದು ಹೇಳಿಕೊಂಡವಳಲ್ಲ. ಅವಳ ಅವ್ವನನ್ನು ಇದೇ ಬೀದಿಗೆ ತಟ್ಟೆ ಕಳಿಸಿ ಕರೆಯುತ್ತಿದ್ದರು.

“ಅಮ್ಮ, ನೀವು ಚೀಲ ತುಂಬಿಸ್ಕೊಂಡು ಹೋಗಿದ್ದನ್ನೂ ನೋಡಿದೀನಿ, ಖಾಲಿ ಮಾಡ್ಕೊಂಡು ಬಂದಿದ್ದನ್ನೂ ನೋಡಿದೀನಿ,” ಎಂದ ಚಿದಾನಂದ್. “ತಗೊಂಡಿಲ್ಲ ಅನ್ಬೇಡಿ. ಈ ಬಾಗಿಲಿಂದ ಎಷ್ಟು ಚಪ್ಪಲಿ ತಗೊಂಡ್ರಿ? ಸಂಖ್ಯೆ ಹೇಳಿ, ಸಾಕು.”

ತಾನು ಬಿಟ್ಟು ಹೋದ ಬಲಗಾಲಿನ ಚಪ್ಪಲಿ ಅಲ್ಲಿಯೇ ಇರುತ್ತದೆ ಎಂದುಕೊಂಡು ಬಂದವಳು ಅವಳು. ಅದು ಇದ್ದರೆ ಯಾವ ಸಂಖ್ಯೆ ಹೇಳಿಯೂ ಪ್ರಯೋಜನವಿಲ್ಲ. ಅದಕ್ಕೇ ಏಳು ವರ್ಷಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಆ ಬೆಂಚಿನಿಂದ ಎದ್ದಿದ್ದಳು. ಈಗ ನಿಧಾನವಾಗಿ ಕಣ್ಣೆತ್ತಿ ಹೊಸ್ತಿಲ ಕಡೆ ನೋಡಿದಳು. ಚಪ್ಪಲಿ ಇರಲಿಲ್ಲ. ಅಲ್ಲೆಲ್ಲ ಹೊಂಗೆ ಹೂವು ತೆಳ್ಳಗೆ ಹಾಸಿತ್ತು, ಅವಳು ಎಡಗಾಲಿನದನ್ನು ಎತ್ತಿದ್ದ ಜಾಗಕ್ಕೂ ಆಗಲೇ ಹೂವು ಉದುರಿತ್ತು; ಅದರ ಪಕ್ಕದಲ್ಲಿ ಪಾದದಷ್ಟು ಉದ್ದದ ಒಂದು ಜಾಗ ಮಾತ್ರ ಬರಿದು. ಯಾರೋ ಈಗಷ್ಟೇ ಅಲ್ಲಿಂದ ಏನನ್ನೋ ಎತ್ತಿದ್ದರು. ಅವಳ ದೃಷ್ಟಿ ಅಲ್ಲಿಂದ ಜಗಲಿಗೆ ಏರಿತು. ಬೋರಣ್ಣ ಅವಳನ್ನು ನೋಡುತ್ತಿರಲಿಲ್ಲ. ಹೇಳಿದ ಹಾಗೆ ತುಟಿ ಬಿಗಿದು, ಹೊಂಗೆ ಮರದ ಕಡೆ ಮುಖ ಮಾಡಿ ಕೂತಿದ್ದ. ಇಳಿಬಿಟ್ಟ ಅವನ ಬರಿಗಾಲಿನ ಅಡಿ ಕಪ್ಪಗೆ, ಧೂಳು ಹತ್ತಿ, ಬೊಬ್ಬೆ ಏಳಲು ಶುರುವಾಗಿತ್ತು.

ಸೊಣ್ಣಮ್ಮ ಆ ಪಾದವನ್ನು ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡು, ಮಹಡಿಗಳ ಮೇಲಿದ್ದವರಿಗೂ ಕೇಳಿಸುವಂತೆ ಹೇಳಿದಳು:

“ಎರಡು.”